ಹಲಾಲ್ ಮಾತ್ರ ಸಾಕೇ? ತಯ್ಯಿಬ್ ಎಲ್ಲಿ ಹೋಯಿತು?

ಬೇಕರಿಯ ಮುಂದೆ ನಿಂತ ಮುಸ್ಲಿಂ ಗ್ರಾಹಕನು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ. ಪಫ್ಸ್‌ನೊಳಗಿನ ಕೋಳಿಮಾಂಸ ಹಲಾಲ್ ತಾನೇ? ಕೇಕ್‌ಗೆ ಬಳಸಿದ ಜೆಲಟಿನ್ ಯಾವುದರದ್ದು? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಕೇಳುವವನ ಧರ್ಮನಿಷ್ಠೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಅದೇ ಪಫ್ಸ್ ಬೆಳಿಗ್ಗೆಯಿಂದ ರಸ್ತೆಯಂಚಿನ ತೆರೆದ ಟ್ರೇಯಲ್ಲಿ ಬಿದ್ದಿದೆ. ಬಸ್ಸು ಹೋದಾಗಲೆಲ್ಲ ಅದರ ಮೇಲೆ ಧೂಳು ಇಳಿಯುತ್ತದೆ. ಪಕ್ಕದ ಚರಂಡಿಯಿಂದ ಎದ್ದ ನೊಣ ಅದರ ಮೇಲೆ ಕೂರುತ್ತದೆ. ನೋಟು ಎಣಿಸಿದ ಕೈಯೇ ಅದನ್ನೆತ್ತಿ ಹಳೆಯ ಪತ್ರಿಕೆಯ ತುಂಡಿನಲ್ಲಿ ಸುತ್ತಿ ಕೊಡುತ್ತದೆ. ಇದರ ಬಗ್ಗೆ ಗ್ರಾಹಕನೂ ಕೇಳುವುದಿಲ್ಲ, ಅಂಗಡಿಯವನೂ ಹೇಳುವುದಿಲ್ಲ. 'ಹಲಾಲ್' ಎಂಬ ಒಂದು ಉತ್ತರ ಸಿಕ್ಕೊಡನೆ ಧರ್ಮದ ವಿಚಾರ ಮುಗಿಯಿತೆಂದು ಇಬ್ಬರೂ ಭಾವಿಸುತ್ತಾರೆ.

ಅದು ಅಲ್ಲಿಗೆ ಮುಗಿಯುವುದಿಲ್ಲ ಎಂಬುದೇ ನಮ್ಮ ವಾದ.

ಪವಿತ್ರ ಕುರ್‌ಆನ್ ಆಹಾರದ ಬಗ್ಗೆ ಮಾತನಾಡುವಾಗ 'ಹಲಾಲ್' ಎಂಬ ಪದದ ಜೊತೆಗೆ 'ತಯ್ಯಿಬ್' ಎಂಬ ಪದವನ್ನೂ ಇಟ್ಟಿದೆ. ಅಲ್ ಬಕರಃ ಅಧ್ಯಾಯದ 168ನೆಯ ಸೂಕ್ತದಲ್ಲಿ, ಅಲ್ ಮಾಇದಃದ 88ರಲ್ಲಿ, ಅನ್ನಹ್ಲ್‌ನ 114ರಲ್ಲಿ ಈ ಎರಡು ಪದಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಹಲಾಲ್ ಎಂದರೆ ಅನುಮತಿಸಲ್ಪಟ್ಟದ್ದು. ತಯ್ಯಿಬ್ ಎಂದರೆ ಶುದ್ಧವಾದದ್ದು, ಹಿತವಾದದ್ದು, ಹಾನಿಯಿಲ್ಲದ್ದು. ಅಲ್ಲಾಹನು ಜೋಡಿಸಿದ ಎರಡು ಪದಗಳಲ್ಲಿ ಒಂದನ್ನು ಅಂಗಡಿಯ ಬೋರ್ಡಿಗೆ ಬರೆಸಿ, ಇನ್ನೊಂದನ್ನು ಬೀದಿಯ ಧೂಳಿಗೆ ಒಪ್ಪಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಪ್ರತಿ ಶುಕ್ರವಾರ ಅಲ್ ಕಹ್ಫ್ ಅಧ್ಯಾಯವನ್ನು ಓದುವ ಮನೆಗಳು ನಮ್ಮಲ್ಲಿ ಬಹಳ. ಗುಹೆಯ ಆ ಯುವಕರು 309 ವರ್ಷಗಳ ನಿದ್ದೆಯಿಂದ ಎದ್ದಾಗ ಅವರ ಬಳಿ ಬೆಳ್ಳಿಯ ನಾಣ್ಯವಿತ್ತು. ನಗರದಲ್ಲಿ ಹಿಡಿಯಲ್ಪಟ್ಟರೆ ಕಲ್ಲೆಸೆದು ಕೊಂದಾರು ಎಂಬ ಭಯವೂ ಇತ್ತು. ಆದರೂ ಆಹಾರ ತರಲು ಹೊರಟವನಿಗೆ ಅವರು ಹೇಳಿದ್ದೇನು? ಅತ್ಯಂತ ಶುದ್ಧವಾದ ಆಹಾರ ಯಾವುದೆಂದು ನೋಡಿ ತರುವಂತೆ ಹೇಳಿದರು. ಪ್ರಾಣಭಯವೂ ಅವರ ಆಯ್ಕೆಯ ಎಚ್ಚರವನ್ನು ಕೆಡಿಸಲಿಲ್ಲ. ಹದಿಮೂರು ಗಂಟೆಗಳ ಉಪವಾಸದ ನೆಪದಲ್ಲಿ ನೊಣ ಮುತ್ತಿದ ಸಮೋಸವನ್ನು ಕಣ್ಣು ಮುಚ್ಚಿ ಕೊಳ್ಳುವವರು ಈ ಸೂಕ್ತವನ್ನು ಇನ್ನೊಮ್ಮೆ ಓದಬೇಕು.

ಇನ್ನು ಪ್ರವಾದಿಚರ್ಯೆಯನ್ನು ನೋಡೋಣ. ಅಬೂ ಹುಮೈದ್(ರ) ಎಂಬ ಸಹಾಬಿ ಒಮ್ಮೆ ನಕೀಅ್ ಎಂಬಲ್ಲಿಂದ ಪ್ರವಾದಿವರ್ಯರಿಗೆ(ಸ) ಒಂದು ಬಟ್ಟಲು ಹಾಲು ತಂದರು. ಬಟ್ಟಲು ಮುಚ್ಚಿರಲಿಲ್ಲ. ಅದನ್ನೇಕೆ ಮುಚ್ಚಲಿಲ್ಲವೆಂದು ಪ್ರವಾದಿವರ್ಯರು(ಸ) ಕೇಳಿದರು. ಬೇರೇನೂ ಇಲ್ಲದಿದ್ದರೆ ಒಂದು ಕಡ್ಡಿಯನ್ನಾದರೂ ಅಡ್ಡ ಇಡಬಹುದಿತ್ತು ಎಂದರು. ಬುಖಾರಿ ಮತ್ತು ಮುಸ್ಲಿಂ ಎರಡೂ ಗ್ರಂಥಗಳಲ್ಲಿ ಈ ಹದೀಸ್ ಇದೆ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು, ನೀರಿನ ತೊಗಲುಚೀಲದ ಬಾಯಿ ಕಟ್ಟಬೇಕು ಎಂಬ ಆಜ್ಞೆಯನ್ನು ಜಾಬಿರ್(ರ) ವರದಿ ಮಾಡಿದ್ದಾರೆ. ಒಂದು ಬಟ್ಟಲು ಹಾಲು ತೆರೆದಿದ್ದುದನ್ನು ಗಮನಿಸಿ ತಿದ್ದಿದ ಪ್ರವಾದಿಯ ಅನುಯಾಯಿಗಳು ನಾವು. ನಮ್ಮ ಬೀದಿಗಳಲ್ಲಿ ನೂರಾರು ಬನ್ನು, ಬಿಸ್ಕತ್ತು, ಶೀರ್‌ಮಾಲ್ ದಿನವಿಡೀ ತೆರೆದು ಬಿದ್ದಿರುತ್ತವೆ. ಒಂದು ಕಡ್ಡಿಯೂ ಅಡ್ಡ ಇರುವುದಿಲ್ಲ.

ಕುಡಿಯುವ ಪಾತ್ರೆಯೊಳಗೆ ಊದುವುದನ್ನೂ ಉಸಿರು ಬಿಡುವುದನ್ನೂ ಪ್ರವಾದಿವರ್ಯರು(ಸ) ವಿರೋಧಿಸಿದ್ದಾರೆ. ಅಂಗಡಿಗಳಲ್ಲಿ ನಡೆಯುವುದನ್ನು ಇದರೊಂದಿಗೆ ಹೋಲಿಸಿ ನೋಡಿ. ಕವರ್ ಬಿಚ್ಚಿಕೊಳ್ಳದಿದ್ದರೆ ಹುಡುಗನು ಅದರೊಳಗೆ ಬಾಯಿಯಿಂದ ಉಫ್ ಎಂದು ಊದುತ್ತಾನೆ. ಕಾಗದ ಬಿಡಿಸಲು ಬೆರಳನ್ನು ನಾಲಿಗೆಗೆ ತಾಗಿಸುತ್ತಾನೆ. ಅದೇ ಕವರಿನಲ್ಲಿ, ಅದೇ ಬೆರಳಿನಿಂದ ನಮ್ಮ ಮಕ್ಕಳ ಖಾರಾ ಬನ್ ಬರುತ್ತದೆ. ಇದರಲ್ಲಿ ಆ ಹುಡುಗನ ದುರುದ್ದೇಶ ಎಳ್ಳಷ್ಟೂ ಇಲ್ಲ. ಅವನಿಗೆ ಕಲಿಸಿದವರಿಲ್ಲ, ಅಷ್ಟೇ. ಕಲಿಸಬೇಕಾದವನು ಮಾಲೀಕ.

ನೊಣದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಅದನ್ನು ಕೈಬೀಸಿ ಓಡಿಸಿದರೆ ಸಾಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮನೆನೊಣ ಗಟ್ಟಿ ಆಹಾರವನ್ನು ಅಗಿದು ತಿನ್ನಲಾರದು. ಅದು ತನ್ನ ಹೊಟ್ಟೆಯಿಂದ ದ್ರವವನ್ನು ಆಹಾರದ ಮೇಲೆ ಕಾರಿ, ಕರಗಿದ ಭಾಗವನ್ನು ಹೀರಿಕೊಳ್ಳುತ್ತದೆ. ಅದಕ್ಕೂ ಮೊದಲು ಅದು ಮಲದ ಮೇಲೋ ಕೊಳೆತ ಕಸದ ಮೇಲೋ ಕುಳಿತಿದ್ದರೆ ಅಲ್ಲಿಯ ರೋಗಾಣುಗಳು ಅದರ ಕಾಲಿನ ರೋಮಗಳಲ್ಲೂ ಹೊಟ್ಟೆಯಲ್ಲೂ ಜೊತೆಗೆ ಬರುತ್ತವೆ. ಕೈ ಬೀಸುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ.

ಕೈಯ ಕಥೆಯೂ ಹೀಗೆಯೇ. ಮನುಷ್ಯನ ಮೂಗಿನಲ್ಲಿ, ಚರ್ಮದ ಗಾಯಗಳಲ್ಲಿ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಕೈಯ ಮೂಲಕ ಅದು ಕ್ರೀಮ್ ಬನ್ನಿಗೋ ಮೊಟ್ಟೆ ಪಫ್ಸ್‌ಗೋ ಸೇರಿ, ಆ ತಿಂಡಿ ನಮ್ಮ ಬೇಸಿಗೆಯ ಸೆಖೆಯಲ್ಲಿ ಗಂಟೆಗಟ್ಟಲೆ ಹೊರಗೆ ಉಳಿದರೆ ವಿಷವನ್ನು ಉತ್ಪತ್ತಿ ಮಾಡುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು ಆರಂಭವಾಗುತ್ತವೆ. ಸಂಜೆ ಮತ್ತೊಮ್ಮೆ ಬಿಸಿ ಮಾಡಿ ಕೊಟ್ಟರೆ ಸರಿಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬ್ಯಾಕ್ಟೀರಿಯಾ ಸಾಯಬಹುದು, ಅದು ಬಿಟ್ಟುಹೋದ ಆ ವಿಷ ಸಾಮಾನ್ಯ ಬಿಸಿಗೆ ನಾಶವಾಗುವುದಿಲ್ಲ. ರಸ್ಕ್, ಒಣ ಬಿಸ್ಕತ್ತು, ನಾನ್‌ಖಟಾಯಿಗಳಿಗೆ ಈ ಅಪಾಯ ಕಡಿಮೆ. ಕ್ರೀಮ್, ಮೊಟ್ಟೆ, ಮಾಂಸ ಸೇರಿದವುಗಳಿಗೆ ಹೆಚ್ಚು. ಎಲ್ಲವನ್ನೂ ಒಂದೇ ಟ್ರೇಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇಡುವ ಅಂಗಡಿಯಲ್ಲಿ ಈ ವಿವೇಚನೆಯೇ ಇಲ್ಲ.

ಇಷ್ಟು ಹೇಳಿದೊಡನೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಒಂದೊಂದಾಗಿ ಉತ್ತರಿಸೋಣ.

"ಬಿಸ್ಮಿಲ್ಲಾಹ್ ಹೇಳಿ ತಿಂದರೆ ಏನೂ ಆಗದು" ಎನ್ನುವವರಿದ್ದಾರೆ. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂಬ ಅರ್ಥದ ಉತ್ತರ ಸಿಕ್ಕಿತ್ತು. ಬಿಸ್ಮಿಲ್ಲಾಹ್ ಆಹಾರದ ಆದಬ್‌ಗಳಲ್ಲಿ ಮೊದಲನೆಯದು. ಕೊಳೆಗೆ ಹೊದಿಸುವ ಮುಸುಕು ಅಲ್ಲ.

"ನೊಣದ ಒಂದು ರೆಕ್ಕೆಯಲ್ಲಿ ಔಷಧಿ ಇದೆಯೆಂದು ಹದೀಸ್‌ನಲ್ಲೇ ಇದೆಯಲ್ಲ" ಎನ್ನುವವರೂ ಇದ್ದಾರೆ. ಹೌದು, ಬುಖಾರಿಯಲ್ಲಿದೆ. ಅದೇ ಹದೀಸ್ ಇನ್ನೊಂದು ರೆಕ್ಕೆಯಲ್ಲಿ ರೋಗವಿದೆಯೆಂದೂ ಹೇಳುತ್ತದೆ. ಅರ್ಧವನ್ನು ಮಾತ್ರ ಓದುವುದು ವಿದ್ವತ್ತಲ್ಲ. ಆ ಹದೀಸ್ ಪಾನೀಯದೊಳಗೆ ಆಕಸ್ಮಿಕವಾಗಿ ನೊಣ ಬಿದ್ದವನಿಗೆ ಮಾರ್ಗ ತೋರುತ್ತದೆ. ನೂರು ನೊಣಗಳಿಗೆ ದಿನವಿಡೀ ತಟ್ಟೆ ತೆರೆದಿಡುವವನಿಗೆ ಅದು ಪರವಾನಗಿಯಲ್ಲ. ಅವನಿಗೆ ಅನ್ವಯಿಸುವುದು ಪಾತ್ರೆ ಮುಚ್ಚಬೇಕೆಂಬ ಹದೀಸ್.

"ನಮ್ಮ ಹಿರಿಯರು ಹೀಗೆಯೇ ತಿಂದು ಗಟ್ಟಿಯಾಗಿದ್ದರು" ಎಂಬುದು ಇನ್ನೊಂದು ಮಾತು. ಯಾವ ಹಿರಿಯರು? ಮುಸ್ಲಿಂ ನಗರಗಳಲ್ಲಿ ಹಿಸ್ಬಃ ಎಂಬ ವ್ಯವಸ್ಥೆಯಿತ್ತು. ಮುಹ್ತಸಿಬ್ ಎಂಬ ಅಧಿಕಾರಿ ಮಾರುಕಟ್ಟೆಯನ್ನು ತಪಾಸಣೆ ಮಾಡುತ್ತಿದ್ದನು. 12ನೆಯ ಶತಮಾನದ ಸಿರಿಯಾದ ಅಶ್ಶೈಝರಿ ಮುಹ್ತಸಿಬ್‌ಗಳಿಗಾಗಿ ಬರೆದ ಕೈಪಿಡಿಯಲ್ಲಿ ರೊಟ್ಟಿ ಸುಡುವವರ ಬಗ್ಗೆಯೇ ಒಂದು ಅಧ್ಯಾಯವಿದೆ. ಹಿಟ್ಟು ನಾದುವವನು ಕಾಲನ್ನು ಬಳಸಬಾರದು. ಮಾತನಾಡುವಾಗ, ಸೀನುವಾಗ ಎಂಜಲು ಸಿಡಿಯದಂತೆ ಬಾಯಿಗೆ ಬಟ್ಟೆ ಕಟ್ಟಬೇಕು. ಬೆವರು ಬೀಳದಂತೆ ಹಣೆಗೆ ಬಿಳಿಯ ಪಟ್ಟಿ ಕಟ್ಟಬೇಕು. ಹಗಲಿನಲ್ಲಿ ನಾದುವಾಗ ನೊಣ ಓಡಿಸಲು ಒಬ್ಬನು ಪಕ್ಕದಲ್ಲೇ ನಿಂತಿರಬೇಕು. ಸೂಕ್ಷ್ಮದರ್ಶಕ ಹುಟ್ಟುವುದಕ್ಕೂ ನಾಲ್ಕು ಶತಮಾನಗಳ ಮೊದಲಿನ ಮಾತಿದು. ನಮ್ಮ ಹಿರಿಯರು ಇವರು.

"ಬಡ ಅಂಗಡಿಯವನು ಖರ್ಚನ್ನು ಎಲ್ಲಿಂದ ತರಬೇಕು?" ಈ ಆಕ್ಷೇಪಕ್ಕೆ ಮಾತ್ರ ನಾವು ಗೌರವದಿಂದ ಉತ್ತರಿಸುತ್ತೇವೆ. ಪ್ರತಿ ಬನ್ನನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕೆಂದು ನಾವು ಹೇಳುತ್ತಿಲ್ಲ. ಚರಂಡಿ ತುಂಬಿಸುವ ಇನ್ನೊಂದು ಕೊಳೆಯಾದೀತು ಅದು. ಬಾಗಿಲು ಮುಚ್ಚುವ ಗಾಜಿನ ಶೋಕೇಸ್ ಒಳ್ಳೆಯದು. ಅದಾಗದಿದ್ದರೆ ಜಾಲರಿಯ ಮುಚ್ಚಳ, ಅದೂ ಇಲ್ಲದಿದ್ದರೆ ದಿನವೂ ಒಗೆದ ಬಿಳಿ ಬಟ್ಟೆ. ಎತ್ತಿಕೊಡಲು ಒಂದು ಇಕ್ಕಳ. ಹಣ ಮುಟ್ಟುವ ಕೈ ಬೇರೆ, ತಿಂಡಿ ಮುಟ್ಟುವ ಕೈ ಬೇರೆ. ಇವುಗಳಲ್ಲಿ ಬಡವನನ್ನು ಮುಳುಗಿಸುವ ಖರ್ಚು ಯಾವುದು?

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. "ಈಗಲೇ ನಮ್ಮ ಅಂಗಡಿಗಳ ಮೇಲೆ ಕಣ್ಣಿದೆ, ಇಂಥದ್ದನ್ನು ಬಹಿರಂಗವಾಗಿ ಬರೆದರೆ ವಿರೋಧಿಗಳಿಗೆ ಅಸ್ತ್ರ ಕೊಟ್ಟಂತಲ್ಲವೇ?" 2020ರಲ್ಲಿ ಮುಸ್ಲಿಂ ವ್ಯಾಪಾರಿಗಳು ಆಹಾರಕ್ಕೆ ಉಗುಳುತ್ತಾರೆಂಬ ಸುಳ್ಳು ವೀಡಿಯೊಗಳು ಹರಿದಾಡಿದ್ದನ್ನು ನಾವು ಮರೆತಿಲ್ಲ. 2022ರ ಯುಗಾದಿಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸದ ವಿರುದ್ಧ ನಡೆದ ಅಭಿಯಾನವನ್ನೂ ಮರೆತಿಲ್ಲ. ಆ ಸುಳ್ಳಿಗೂ ಈ ವಿಷಯಕ್ಕೂ ಸಂಬಂಧವಿಲ್ಲ. ತೆರೆದ ಟ್ರೇ ಯಾವ ಧರ್ಮದ ಗುಣವೂ ಅಲ್ಲ. ಎಲ್ಲರ ಬೀದಿಗಳಲ್ಲೂ ಅದಿದೆ. ಆದರೆ ಅಪಪ್ರಚಾರದ ಭಯದಿಂದ ತನ್ನ ಮನೆಯ ಕಸವನ್ನು ಗುಡಿಸದವನು ಅಪಪ್ರಚಾರಕನಿಗೆ ಹೆದರಿದ್ದಾನೆಯೇ ಹೊರತು ಅಲ್ಲಾಹನಿಗೆ ಹೆದರಿಲ್ಲ. ನಾವು ಶುಚಿಯಾಗಬೇಕಾದದ್ದು ದೂಷಿಸುವವರ ಬಾಯಿ ಮುಚ್ಚಿಸಲು ಅಲ್ಲ. ನಮ್ಮ ಅಂಗಡಿಯಲ್ಲಿ ಕೊಳ್ಳುವವನು, ಅವನು ಯಾವ ಧರ್ಮದವನೇ ಆಗಿರಲಿ, ನಮ್ಮನ್ನು ನಂಬಿ ತನ್ನ ಮಗುವಿಗೆ ತಿನ್ನಿಸುತ್ತಾನೆ. ಆ ನಂಬಿಕೆ ಒಂದು ಅಮಾನತ್.

ಧಾನ್ಯದ ರಾಶಿಯ ಹದೀಸನ್ನು ನಮ್ಮ ಮದ್ರಸಗಳ ಮಕ್ಕಳೂ ಬಲ್ಲರು. ಪ್ರವಾದಿವರ್ಯರು(ಸ) ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಹೇಳಿದನು. ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಪ್ರಶ್ನಿಸಿದ ಪ್ರವಾದಿ(ಸ), ವಂಚಿಸುವವನು ತಮ್ಮವನಲ್ಲವೆಂದು ಸಾರಿದರು. ನಿನ್ನೆಯ ಬನ್ನನ್ನು ಕೆಳಗಿಟ್ಟು ಇಂದಿನದನ್ನು ಮೇಲಿಡುವವನು, ಎರಡನ್ನೂ ಬೆರೆಸಿ 'ತಾಜಾ' ಎಂದು ಮಾರುವವನು ಈ ಹದೀಸ್ ಯಾರ ಬಗ್ಗೆ ಎಂದು ಯೋಚಿಸಲಿ. ಇತರರಿಗೆ ಹಾನಿ ಮಾಡಬಾರದೆಂಬುದು ಇಮಾಮ್ ನವವಿಯವರ ನಲವತ್ತು ಹದೀಸ್‌ಗಳ ಸಂಗ್ರಹದಲ್ಲಿ 32ನೆಯದು, ಫಿಕ್ಹ್‌ನ ಮೂಲತತ್ತ್ವಗಳಲ್ಲೊಂದು.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ಸಣ್ಣ ವ್ಯಾಪಾರಿಯೂ ನೋಂದಣಿ ಮಾಡಿಸಿಕೊಳ್ಳಬೇಕು. ಆಹಾರವನ್ನು ಧೂಳು ಮತ್ತು ಕೀಟಗಳಿಂದ ಕಾಪಾಡಬೇಕು. ಅಂಟುರೋಗ ಇರುವವರು ಆಹಾರ ಮುಟ್ಟಬಾರದು. 2018ರ ಪ್ಯಾಕೇಜಿಂಗ್ ನಿಯಮಗಳು ಸುದ್ದಿಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು ನಿಷೇಧಿಸಿವೆ, ಏಕೆಂದರೆ ಶಾಯಿಯ ರಾಸಾಯನಿಕಗಳು ಎಣ್ಣೆಯ ತಿಂಡಿಗೆ ಇಳಿಯುತ್ತವೆ. ಬಿಡಿಯಾಗಿ ಮಾರುವ ಸಿಹಿತಿಂಡಿಗಳ ಮುಂದೆ ಎಂದಿನವರೆಗೆ ತಿನ್ನಬಹುದೆಂಬ ದಿನಾಂಕವನ್ನು ಬರೆದಿಡಬೇಕೆಂಬ ಆದೇಶ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಸಿಹಿತಿಂಡಿಗೆ ಸಾಧ್ಯವಾದದ್ದು ಕ್ರೀಮ್ ಬನ್ನಿಗೆ ಏಕೆ ಸಾಧ್ಯವಿಲ್ಲ?

ಈಗ ಯಾರು ಏನು ಮಾಡಬೇಕೆಂಬುದನ್ನು ನೇರವಾಗಿ ಹೇಳುತ್ತೇವೆ.

ವ್ಯಾಪಾರಿ ಸಹೋದರರೇ, ದಿನಕ್ಕೆ ಐದು ಬಾರಿ ವುಝೂವಿಗಾಗಿ ಕೈ ತೊಳೆಯುವವರು ನೀವು. ತಿಂಡಿ ಮುಟ್ಟುವ ಮೊದಲೂ ತೊಳೆಯಿರಿ. ಮುಚ್ಚಿಡಿ. ಇಕ್ಕಳ ಬಳಸಿ. ಕವರಿಗೆ ಊದಬೇಡಿ. ಕ್ರೀಮ್, ಮೊಟ್ಟೆ, ಮಾಂಸದ ತಿಂಡಿಗಳನ್ನು ತಣ್ಣಗಿನ ಪೆಟ್ಟಿಗೆಯಲ್ಲಿಡಿ, ಇಲ್ಲವೇ ಸ್ವಲ್ಪ ಸ್ವಲ್ಪವೇ ತಯಾರಿಸಿ ಬೇಗ ಮಾರಿ.

ಮಸೀದಿ ಕಮಿಟಿಯ ಹಿರಿಯರೇ, ರಮಝಾನ್‌ನಲ್ಲಿ ಮಸೀದಿಯ ಆವರಣದಲ್ಲೂ ಮುಂದಿನ ಬೀದಿಯಲ್ಲೂ ಇಫ್ತಾರ್ ತಿಂಡಿಯ ಗಾಡಿಗಳು ನಿಲ್ಲುತ್ತವೆ. ಆವರಣದಲ್ಲಿ ಜಾಗ ಕೊಡುವಾಗ ಮುಚ್ಚಳ ಮತ್ತು ಇಕ್ಕಳ ಇರಲೇಬೇಕೆಂಬ ಶರತ್ತು ಹಾಕಿ. ಬೀದಿಯವರಿಗೆ ಪ್ರೀತಿಯಿಂದ ತಿಳಿಹೇಳಿ. ಖತೀಬರು ಶಅಬಾನ್‌ನ ಒಂದು ಖುತ್ಬಾವನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ.

ತಾಯಂದಿರೇ, ತಂದೆಯರೇ, ತೆರೆದಿಟ್ಟದ್ದನ್ನು ಕೊಳ್ಳಬೇಡಿ. ಜಗಳ ಬೇಡ, "ಮುಚ್ಚಿಟ್ಟಿದ್ದು ಇದ್ದರೆ ಕೊಡಿ" ಎಂಬ ಒಂದು ಮಾತು ಸಾಕು. ಹತ್ತು ಮಂದಿ ಹಾಗೆ ಕೇಳಿದರೆ ಹನ್ನೊಂದನೆಯವನು ಬರುವ ಹೊತ್ತಿಗೆ ಮುಚ್ಚಳ ಬಂದಿರುತ್ತದೆ. ಶುಚಿಯಾಗಿ ಮಾರುವವನಿಗೆ ಒಂದು ರೂಪಾಯಿ ಹೆಚ್ಚು ಕೊಡಲು ಹಿಂಜರಿಯಬೇಡಿ. ಬನ್ನು ಮೆತ್ತಗಿದೆಯೇ ಎಂದು ನೀವೇ ಒತ್ತಿ ನೋಡಿ ಮರಳಿ ಇಡಬೇಡಿ. ನಿಮ್ಮ ನಂತರ ಅದನ್ನು ತಿನ್ನುವ ಮಗುವೊಂದಿದೆ.

ನಮ್ಮ ಅಂಗಡಿಗಳ ಬೋರ್ಡಿನ ಮೇಲೆ ಒಂದು ಪದ ಈಗಾಗಲೇ ಇದೆ. ಅದರ ಜೊತೆಗಿರಬೇಕಾದ ಇನ್ನೊಂದು ಪದವನ್ನು ಬಣ್ಣದಿಂದ ಬರೆಸುವ ಅಗತ್ಯವಿಲ್ಲ. ಮುಚ್ಚಿದ ತಟ್ಟೆಯೇ ಅದನ್ನು ಹೇಳುತ್ತದೆ. ನಮ್ಮ ಅನ್ನವನ್ನು ಹಲಾಲ್ ಆಗಿಯೂ ತಯ್ಯಿಬ್ ಆಗಿಯೂ ಇರಿಸಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.