ಹಳೆಯ ಯುದ್ಧವೇ ಗುರಾಣಿಯಾದಾಗ

ಯುದ್ಧ ನಡೆಯುತ್ತಿರುವಾಗ 'ಇದು ಅಗತ್ಯವಿತ್ತೇ?' ಎಂದು ಕೇಳುವವರಿಗೆ ಅಧಿಕಾರದಲ್ಲಿರುವವರು ನೇರ ಉತ್ತರ ಕೊಡುವುದು ಅಪರೂಪ. ಬದಲಾಗಿ ಹಿಂದಿನ ಯಾವುದಾದರೊಂದು ಯುದ್ಧವನ್ನು ನೆನಪಿಸಿ ಕೇಳಿದವರ ಬಾಯಿ ಮುಚ್ಚಿಸುತ್ತಾರೆ. ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಎರಡನೇ ಮಹಾಯುದ್ಧ.

1938ರಲ್ಲಿ ಮ್ಯೂನಿಕ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಹಿಟ್ಲರನಿಗೆ ಮಣಿದು ಚೆಕೊಸ್ಲೊವಾಕಿಯಾದ ಗಡಿ ಪ್ರದೇಶವನ್ನು ಬಿಟ್ಟುಕೊಟ್ಟವು. ಆದರೂ ಮರುವರ್ಷ ಯುದ್ಧ ತಪ್ಪಲಿಲ್ಲ. ಈ ಪಾಠ ನಿಜವಾದುದೇ. ಆದರೆ ಎಲ್ಲ ಬೀಗಕ್ಕೂ ಅದೊಂದೇ ಕೀಲಿಕೈ ಎನ್ನುವಂತಾದುದು ದುರಂತ.

1956ರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ಸುಯೆಜ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದಾಗ ಬ್ರಿಟನ್ ಪ್ರಧಾನಿ ಆಂಟನಿ ಈಡನ್ ಅವರನ್ನು ಮುಸೊಲಿನಿಗೆ ಹೋಲಿಸಿದರು. ಫ್ರಾನ್ಸ್ ಮತ್ತು ಇಸ್ರೇಲ್ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ನಡೆಸಿದ ಆ ದಾಳಿ ವಿಫಲವಾಗಿ, 1957ರ ಜನವರಿಯಲ್ಲಿ ಈಡನ್ ರಾಜೀನಾಮೆ ಕೊಡಬೇಕಾಯಿತು.

ಇರಾಕ್ ವಿಷಯದಲ್ಲೂ ಇದೇ ನಡೆಯಿತು. 2003ರ ದಾಳಿಗೆ ಕಾರಣವಾಗಿ ಹೇಳಲಾದ ಸಮೂಹನಾಶಕ ಅಸ್ತ್ರಗಳ ದಾಸ್ತಾನು ಅಲ್ಲಿರಲಿಲ್ಲವೆಂದು 2004ರಲ್ಲಿ ಅಮೆರಿಕದ ತನಿಖಾ ತಂಡವೇ ವರದಿ ನೀಡಿತು. ಆದರೂ 2006ರ ಆಗಸ್ಟ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್, ಹಿಟ್ಲರನನ್ನು ಓಲೈಸಹೊರಟವರ ಕತೆ ಹೇಳಿ, ಯುದ್ಧದ ಟೀಕಾಕಾರರು ಇತಿಹಾಸದಿಂದ ಪಾಠ ಕಲಿತಿಲ್ಲ ಎಂಬರ್ಥದ ಮಾತನಾಡಿದರು. ಅಸ್ತ್ರ ಎಲ್ಲಿ ಎಂಬ ಪ್ರಶ್ನೆ ಬದಿಗೆ ಸರಿಯಿತು. ಪ್ರಶ್ನೆ ಕೇಳಿದವನೇ ಅಪರಾಧಿಯಾದ.

ರಷ್ಯಾದ ಅಧ್ಯಕ್ಷ ಪುಟಿನ್ 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿ ಆರಂಭಿಸಿದಾಗ, ಅಲ್ಲಿಂದ ನಾಜಿವಾದವನ್ನು ತೊಲಗಿಸುವುದೇ ಗುರಿ ಎಂದರು. ಮುಂದಿನ ತಿಂಗಳೇ, ಸೇನೆಯ ಬಗ್ಗೆ 'ಸುಳ್ಳು ಮಾಹಿತಿ' ಹರಡುವವರಿಗೆ 15 ವರ್ಷಗಳವರೆಗೆ ಸೆರೆವಾಸ ವಿಧಿಸುವ ಕಾನೂನು ಬಂತು. ಹಿಟ್ಲರನ ವಿರುದ್ಧದ ಸಮರದಲ್ಲಿ ಮಡಿದ ಸುಮಾರು 2.7 ಕೋಟಿ ಸೋವಿಯತ್ ಜನರಲ್ಲಿ ಲಕ್ಷಾಂತರ ಉಕ್ರೇನಿಯನ್ನರೂ ಇದ್ದರೆಂಬುದು ಇಲ್ಲಿ ಮರೆತುಹೋಗುತ್ತದೆ.

ಇವರೆಲ್ಲರಿಗೆ ಸರಿಯಾದ ಉತ್ತರ ಆ ಯುದ್ಧವನ್ನು ಕಣ್ಣಾರೆ ಕಂಡವರಿಂದಲೇ ಬಂದಿತ್ತು. ಪೋಪ್ ಎರಡನೇ ಜಾನ್ ಪೌಲರು ತಾರುಣ್ಯದಲ್ಲಿ ನಾಜಿ ವಶದಲ್ಲಿದ್ದ ಪೋಲೆಂಡಿನಲ್ಲಿ ಕಲ್ಲುಕೋರೆಯ ಕಾರ್ಮಿಕರಾಗಿದ್ದವರು. 2003ರ ಮಾರ್ಚ್‌ನಲ್ಲಿ ಅವರು ಕಾರ್ಡಿನಲ್ ಪಿಯೊ ಲಾಘಿಯವರನ್ನು ಅಧ್ಯಕ್ಷ ಬುಷ್ ಬಳಿಗೆ ಕಳುಹಿಸಿ ಯುದ್ಧ ಬೇಡವೆಂದು ವಿನಂತಿಸಿದರು. ಎರಡನೇ ಮಹಾಯುದ್ಧವನ್ನು ಅನುಭವಿಸಿ ಬದುಕುಳಿದ ಪೀಳಿಗೆಯವನಾದುದರಿಂದಲೇ ಇನ್ನೆಂದೂ ಯುದ್ಧ ಬೇಡವೆಂದು ಹೇಳುವುದು ತಮ್ಮ ಕರ್ತವ್ಯ ಎಂದು ಬಹಿರಂಗವಾಗಿ ಸಾರಿದರು. ಅವರನ್ನು ಇತಿಹಾಸ ತಿಳಿಯದವರೆಂದು ಯಾರು ತಾನೇ ಹೇಳಿಯಾರು?

ಹಿಂದಿನದನ್ನು ಇಂದಿನದಕ್ಕೆ ಹೋಲಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ನಾಯಕರು ಹಳೆಯ ಯುದ್ಧದ ಹೆಸರೆತ್ತಿದಾಗ ಒಂದನ್ನು ಗಮನಿಸೋಣ: ಅದು ಕೇಳಿದ ಪ್ರಶ್ನೆಗೆ ಉತ್ತರವೇ, ಅಥವಾ ಕೇಳಿದವರಿಗೆ ಬೆದರಿಕೆಯೇ? ಅಂದು ಸತ್ತವರಿಗೆ ಗೌರವ ಸಲ್ಲಿಸಲೇಬೇಕು. ಆದರೆ ಇಂದು ಸಾಯುತ್ತಿರುವವರ ಲೆಕ್ಕ ಕೇಳದಂತೆ ಅವರ ಸಮಾಧಿಗಳನ್ನು ಅಡ್ಡಗೋಡೆ ಮಾಡುವುದು ಗೌರವವಲ್ಲ.