ಹನ್ನೆರಡು ಹೆಸರು ಬಂದರೆ ಪಾಠ ಬಂದಂತೆಯೇ?

ಹತ್ತನೆಯ ತರಗತಿಯಲ್ಲಿ ನರವ್ಯೂಹದ ಪಾಠ ನಡೆಯುವ ದಿನಗಳಲ್ಲಿ ನಮ್ಮ ಜೀವವಿಜ್ಞಾನ ಪ್ರಶಿಕ್ಷಣಾರ್ಥಿಗಳ ಕೈಯಲ್ಲಿ ಒಂದೇ ಬಗೆಯ ಚಾರ್ಟ್ ಕಾಣಿಸುತ್ತದೆ. ನಡುವೆ ಮೆದುಳು, ಸುತ್ತ ಹನ್ನೆರಡು ಬಾಣ, ಪ್ರತಿ ಬಾಣದ ತುದಿಗೆ ಒಂದು ಇಂಗ್ಲಿಷ್ ಹೆಸರು. ಮೆದುಳಿನಿಂದ ಕಪಾಲ ನರಗಳೂ ಮೆದುಳುಬಳ್ಳಿಯಿಂದ ಮತ್ತಷ್ಟು ನರಗಳೂ ಹೊರಡುತ್ತವೆ ಎಂದು ಪಠ್ಯಪುಸ್ತಕ ಒಂದೆರಡು ಮಾತಿನಲ್ಲಿ ಮುಗಿಸಿದ್ದನ್ನು ಇವರು ಪಟ್ಟಿಯಾಗಿ ಬೆಳೆಸುತ್ತಾರೆ. ಹೆಚ್ಚಿನ ತಯಾರಿ ಮಾಡಿದ್ದಾರೆಂದು ನಾವೂ ಮೆಚ್ಚುತ್ತೇವೆ. ಹಾಗೆ ಮೆಚ್ಚಬಾರದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾರಣ ನಾನೇ ವೀಕ್ಷಿಸಿದ ಒಂದು ಪಾಠ.

ಬೋಧನಾಭ್ಯಾಸದ ಎರಡನೆಯ ವಾರ. ಪ್ರಶಿಕ್ಷಣಾರ್ಥಿ ಚುರುಕು, ದನಿ ಸ್ಪಷ್ಟ, ಕಪ್ಪುಹಲಗೆಯ ಬರಹ ಮುತ್ತು ಪೋಣಿಸಿದಂತೆ. ಹನ್ನೆರಡು ನರಗಳನ್ನು ನೆನಪಿಡಲು ಒಂದು ಸೂತ್ರವಾಕ್ಯವನ್ನೂ ಕಟ್ಟಿಕೊಂಡು ಬಂದಿದ್ದರು. ಮಕ್ಕಳು ಅದನ್ನು ಮೂರು ಸಲ ಒಕ್ಕೊರಲಿನಿಂದ ಹೇಳಿದರು. ಆಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ನಮ್ಮಪ್ಪಂಗೆ ನಿನ್ನೆಯಿಂದ ಬಾಯಿ ಒಂದು ಕಡೆ ಎಳ್ಕೊಂಡೈತೆ. ಕಣ್ಣು ಮುಚ್ಚಕ್ಕೆ ಆಗ್ತಿಲ್ಲ. ಬಾಯಿ ಮುಕ್ಕಳಿಸಿದ್ರೆ ನೀರು ಸೋರ್ತೈತೆ. ಅದು ಇದ್ರಲ್ಲಿ ಯಾವ ನರ ಮಿಸ್?” ಪ್ರಶಿಕ್ಷಣಾರ್ಥಿ ಒಮ್ಮೆ ಚಾರ್ಟ್ ನೋಡಿದರು, ಒಮ್ಮೆ ಗಡಿಯಾರ ನೋಡಿದರು. “ಅದು ಸಿಲೆಬಸ್‌ನಲ್ಲಿಲ್ಲಮ್ಮ, ಕೂತ್ಕೊ” ಎಂದರು.

ಹಿಂದಿನ ಬೆಂಚಿನಲ್ಲಿ ವೀಕ್ಷಣಾ ನಮೂನೆ ಹಿಡಿದು ಕೂತಿದ್ದ ನಾನು ಆ ಹೊತ್ತಿಗೆ ಬೋಧನೋಪಕರಣದ ಅಂಕಣದಲ್ಲಿ ಪೂರ್ಣ ಅಂಕ ಹಾಕಿ ಆಗಿತ್ತು. ಸಮಯ ಪಾಲನೆಗೂ ಹಾಕಿದೆ. ಮಗುವಿನ ಆ ಪ್ರಶ್ನೆಯನ್ನು ಬರೆಯಲು ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಗಂಟೆ ಹೊಡೆದ ಮೇಲೆ ಆ ಹುಡುಗಿಯನ್ನು ಕರೆದು ಕೇಳಿದೆ. ಗಾಳಿ ಸೋಕಿದೆ ಎಂದು ಮನೆಯವರು ತಾಯಿತ ಕಟ್ಟಿಸಿದ್ದರು, ಆಸ್ಪತ್ರೆಗೆ ಹೋಗಿರಲಿಲ್ಲ. ಇವತ್ತೇ ಹೋಗಬೇಕು ಎಂದು ಹೇಳಿ ಮುಖ್ಯೋಪಾಧ್ಯಾಯರಿಂದ ಮನೆಗೆ ಫೋನ್ ಮಾಡಿಸಿದೆವು. ಅವರು ಅಂದೇ ಸಂಜೆ ತಾಲ್ಲೂಕು ಆಸ್ಪತ್ರೆಗೆ ಹೋದರೆಂದು ಆಮೇಲೆ ತಿಳಿಯಿತು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಚಾರ್ಟಿನಲ್ಲೇ ಇತ್ತು. ಅದು ಏಳನೆಯ ನರ, ಮುಖದ ನರ. ಕಿವಿಯ ಹಿಂಬದಿಯ ಮೂಳೆಯೊಳಗೆ ಒಂದು ಇಕ್ಕಟ್ಟಾದ ಕಾಲುವೆಯಲ್ಲಿ ಹಾದು ಬರುತ್ತದೆ. ಅಲ್ಲಿ ಊದಿಕೊಂಡು ಒತ್ತಡಕ್ಕೆ ಸಿಕ್ಕಿದರೆ ಮುಖದ ಆ ಅರ್ಧದ ಸ್ನಾಯುಗಳು ಸೋಲುತ್ತವೆ. ಹಣೆ ಸುಕ್ಕುಗಟ್ಟುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ತುಟಿ ಬಿಗಿಯಾಗುವುದಿಲ್ಲ. ಚಾರ್ಲ್ಸ್ ಬೆಲ್ 1821ರಲ್ಲಿ ಈ ನರದ ಕೆಲಸವನ್ನು ವಿವರಿಸಿದ್ದರಿಂದ ಇದಕ್ಕೆ ಬೆಲ್ಸ್ ಪಾಲ್ಸಿ ಎಂಬ ಹೆಸರು ಬಂದಿದೆ. ಬಹುಪಾಲು ಜನರಿಗೆ ವಾಸಿಯಾಗುತ್ತದೆ. ಆದರೆ ಮೊದಲ 72 ಗಂಟೆಯೊಳಗೆ ಔಷಧಿ ಶುರುವಾದರೆ ಹೆಚ್ಚು ಪ್ರಯೋಜನ. ಮುಚ್ಚದ ಕಣ್ಣು ಒಣಗಿ ಕೆಡದಂತೆ ಕಾಯಬೇಕು. ಇನ್ನೂ ಮುಖ್ಯವಾದ ಮಾತೆಂದರೆ, ಬಾಯಿ ಸೊಟ್ಟಗಾಗುವುದು ಮೆದುಳಿನ ಪಾರ್ಶ್ವವಾಯುವಿನಿಂದಲೂ ಇರಬಹುದು. ಯಾವುದು ಎಂದು ಹೇಳಬೇಕಾದವರು ವೈದ್ಯರು. ‘ತಡ ಮಾಡಬೇಡಿ’ ಎನ್ನುವುದು ಮಾತ್ರ ಯಾವ ಶಿಕ್ಷಕರಿಗೂ ಸಾಧ್ಯ.

ಹನ್ನೆರಡೂ ಹೆಸರು ಬಾಯಿಗೆ ಬರುತ್ತಿದ್ದ ಪ್ರಶಿಕ್ಷಣಾರ್ಥಿಗೆ ಏಳನೆಯದು ಮುಖದ ನರ ಎಂದು ಗೊತ್ತಿತ್ತು. ಮುಖವೆಂದರೆ ಆ ಹುಡುಗಿಯ ಅಪ್ಪನ ಮುಖವೂ ಹೌದು ಎಂಬುದು ಹೊಳೆಯಲಿಲ್ಲ. ತಪ್ಪು ಅವರದಲ್ಲ. ನಾವು ಕಲಿಸಿದ್ದೇ ಹಾಗೆ.

ಹಾಗಾದರೆ ಹೇಗೆ ಕಲಿಸಬೇಕು? ಕೆಲಸ ಮೊದಲು, ಹೆಸರು ಕೊನೆಗೆ. ಇದಕ್ಕೆ ಮಾದರಿಯೂ ಬೇಡ, ಪ್ರೊಜೆಕ್ಟರೂ ಬೇಡ. ಪ್ರತಿ ಮಗುವೂ ಹನ್ನೆರಡು ಜೊತೆ ನರಗಳನ್ನು ಹೊತ್ತುಕೊಂಡೇ ತರಗತಿಗೆ ಬಂದಿರುತ್ತದೆ.

ಅಡುಗೆಮನೆಯಿಂದ ಶುರು ಮಾಡಿ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಏನಾಗುತ್ತದೆ ಎಂದು ಕೇಳಿ. ವಾಸನೆ ಬರುತ್ತದೆ ಎನ್ನುತ್ತಾರೆ, ಅದು ಒಂದನೆಯ ನರ. ಘಾಟು ಹತ್ತುತ್ತದೆ ಎನ್ನುತ್ತಾರೆ, ಅದು ಐದನೆಯದು. ಮೂಗಿನೊಳಗಿನ ಉರಿ, ನೋವು, ತಂಪುಗಳನ್ನು ಮೆದುಳಿಗೆ ಒಯ್ಯುವ ನರವೇ ಬೇರೆ. ಕಣ್ಣಲ್ಲಿ ನೀರು ಬರುತ್ತದೆ. ಉರಿಯ ಸುದ್ದಿ ಐದನೆಯದರಿಂದ ಹೋಗಿ, ಕಣ್ಣೀರು ಸುರಿಸುವ ಆಜ್ಞೆ ಏಳನೆಯದರಿಂದ ಬರುತ್ತದೆ. ಕೆಮ್ಮು ಬರುತ್ತದೆ; ಗಂಟಲು, ಶ್ವಾಸನಾಳದ ಸುದ್ದಿ ಒಯ್ಯುವುದು ಹತ್ತನೆಯದು. ವಾಸನೆ ಬೇರೆ, ಘಾಟು ಬೇರೆ ಎಂದು ಕನ್ನಡ ಎರಡು ಮಾತು ಇಟ್ಟುಕೊಂಡಿದೆ. ಎರಡಕ್ಕೂ ಬೇರೆ ನರಗಳೇ ಇವೆ ಎಂದಾಗ ಮಕ್ಕಳ ಕಣ್ಣು ಅರಳುವುದನ್ನು ನಾನು ನೋಡಿದ್ದೇನೆ.

ಎರಡನೆಯದು ಪುಸ್ತಕದ ಚಟುವಟಿಕೆ. ತಲೆಯನ್ನು ಅಲುಗಾಡಿಸದೆ ಪುಸ್ತಕವನ್ನು ಬೇಗಬೇಗ ಎಡಕ್ಕೂ ಬಲಕ್ಕೂ ಆಡಿಸಿ ಓದಲಿ. ಅಕ್ಷರ ಕಲಸಿಹೋಗುತ್ತದೆ. ಈಗ ಪುಸ್ತಕ ಸ್ಥಿರವಾಗಿರಲಿ, ಅಷ್ಟೇ ವೇಗದಲ್ಲಿ ತಲೆ ಆಡಿಸಲಿ. ಅಕ್ಷರ ಓದಲು ಬರುತ್ತದೆ. ಏಕೆ? ತಲೆ ತಿರುಗಿದ ಸುದ್ದಿ ಒಳಕಿವಿಯಿಂದ ಎಂಟನೆಯ ನರದ ಮೂಲಕ ಮೆದುಳುಕಾಂಡಕ್ಕೆ ಮುಟ್ಟುತ್ತದೆ. ಅಲ್ಲಿಂದ ಕಣ್ಣಿನ ಸ್ನಾಯುಗಳನ್ನು ನಡೆಸುವ ನರಗಳಿಗೆ ಆಜ್ಞೆ ಹೋಗಿ, ಕಣ್ಣು ತಲೆಗೆ ವಿರುದ್ಧ ದಿಕ್ಕಿಗೆ ಅಷ್ಟೇ ಹೊರಳುತ್ತದೆ. ಕಿವಿ ಕೇಳುವುದಕ್ಕಷ್ಟೇ ಅಲ್ಲ ಎಂದು ಇದಕ್ಕಿಂತ ಚೆನ್ನಾಗಿ ಯಾವ ಚಾರ್ಟೂ ಹೇಳಲಾರದು.

ಮೂರನೆಯದು ನಾಲಗೆ. ಅದನ್ನು ಹೊರಳಿಸುವುದು ಹನ್ನೆರಡನೆಯ ನರ. ಮುಂದಿನ ಮೂರನೆಯ ಎರಡು ಭಾಗದ ರುಚಿ ಏಳನೆಯದು, ಅದೇ ಭಾಗದ ಮುಟ್ಟಿದ ಅರಿವು ಐದನೆಯದು, ಹಿಂದಿನ ಭಾಗದ ಎರಡೂ ಒಂಬತ್ತನೆಯದು. ಹಾಗೆಯೇ ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂಬ ಹಳೆಯ ನಾಲಗೆ ನಕಾಶೆಯನ್ನು ನಮ್ಮ ಚಾರ್ಟುಗಳಿಂದ ತೆಗೆದುಬಿಡೋಣ. ಎಲ್ಲ ರುಚಿಯೂ ನಾಲಗೆಯ ರುಚಿಮೊಗ್ಗು ಇರುವ ಎಲ್ಲ ಕಡೆಯೂ ತಿಳಿಯುತ್ತದೆ. ಸಕ್ಕರೆ ಚಿಟಿಕೆಯಿಂದ ಮಕ್ಕಳೇ ಪರೀಕ್ಷಿಸಬಹುದು.

ಈ ಮೂರು ಚಟುವಟಿಕೆ ಮುಗಿದಾಗ ಕಪ್ಪುಹಲಗೆಯ ಮೇಲೆ ಹನ್ನೆರಡರಲ್ಲಿ ಹೆಚ್ಚಿನವು ತಾವಾಗಿ ಬಂದಿರುತ್ತವೆ. ಬಾಯಿಪಾಠ ಬೇಕಿದ್ದವರು ಆಗ ಮಾಡಲಿ. ಹನ್ನೆರಡು ಎಂಬ ಸಂಖ್ಯೆಯೂ ಒಂದು ಎಣಿಕೆ ಕ್ರಮ ಎಂಬುದನ್ನು ಹೇಳಬೇಕು. ಗ್ಯಾಲನ್ ಏಳು ಜೊತೆ ಎಣಿಸಿದ್ದ. 1664ರಲ್ಲಿ ಥಾಮಸ್ ವಿಲ್ಲಿಸ್ ಮುಖದ ನರವನ್ನೂ ಕಿವಿಯ ನರವನ್ನೂ ಒಂದೇ ಜೊತೆಯೆಂದು ಎಣಿಸಿದ. ಇಂದಿನ ಹನ್ನೆರಡರ ಕ್ರಮ ಸೋಮೆರಿಂಗ್ 1778ರಲ್ಲಿ ಕೊಟ್ಟದ್ದು. ವಿಜ್ಞಾನ ಹೀಗೆ ತಿದ್ದಿಕೊಳ್ಳುತ್ತಾ ಬಂದಿದೆ ಎಂದು ತಿಳಿದ ಮಗು ಪಟ್ಟಿಗೆ ಹೆದರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮಕ್ಕಳ ಮುಖವೇ ಬೋಧನೋಪಕರಣವಾದಾಗ ಮರ್ಯಾದೆಯ ಪ್ರಶ್ನೆಯೂ ಬರುತ್ತದೆ. ‘ಎಲ್ಲರೂ ನಕ್ಕು ಪಕ್ಕದವರ ಮುಖ ನೋಡಿ’ ಎಂದಾಗ ಮೆಳ್ಳಗಣ್ಣಿನ ಮಗು, ಕಿವಿ ಮಂದವಿರುವ ಮಗು, ಸೊಟ್ಟ ನಗುವಿನ ಮಗು ಕುಗ್ಗಿಹೋಗಬಹುದು. ಆದ್ದರಿಂದ ಮೊದಲು ತನ್ನ ಮುಖದ ಮೇಲೆ ಶಿಕ್ಷಕರು ತೋರಿಸಬೇಕು. ಆಮೇಲೆ ಇಷ್ಟವಿದ್ದವರು ಮಾಡಲಿ. ಯಾವ ಮಗುವನ್ನೂ ‘ಉದಾಹರಣೆ’ಯಾಗಿ ಮುಂದೆ ಕರೆಯಬಾರದು. ಪಾಠಕ್ಕೆ ಮೊದಲು ತರಗತಿ ಶಿಕ್ಷಕರನ್ನು ಒಂದು ಮಾತು ಕೇಳಿಕೊಂಡರೆ ಸಾಕು.

ಸಹೋದ್ಯೋಗಿಗಳು ಎರಡು ಆಕ್ಷೇಪ ಎತ್ತುತ್ತಾರೆ. ಪಠ್ಯದಲ್ಲಿ ಇಲ್ಲದ್ದಕ್ಕೆ ನಲವತ್ತು ನಿಮಿಷವೇ ಎಂಬುದು ಮೊದಲನೆಯದು. ಈ ಮಾತು ಹೆಸರುಗಳ ಪಟ್ಟಿಗೂ ಅನ್ವಯಿಸುತ್ತದಲ್ಲ! ಗ್ರಾಹಕ, ಸಂವೇದನೆ, ಆಜ್ಞೆ, ಪರಾವರ್ತಿತ ಕ್ರಿಯೆ ಇವೆಲ್ಲ ಪಠ್ಯದಲ್ಲಿಯೇ ಇವೆ. ಘಾಟಿಗೆ ಬಂದ ಕಣ್ಣೀರು ಅವಕ್ಕೆಲ್ಲ ಒಂದೇ ಉದಾಹರಣೆ. ಪ್ರಶಿಕ್ಷಣಾರ್ಥಿಗಳು ವೈದ್ಯರಂತೆ ಮಾತನಾಡತೊಡಗಿದರೆ ಎಂಬುದು ಎರಡನೆಯದು. ಈ ಭಯ ಸರಿಯಾದದ್ದೇ. ರೋಗ ಹೆಸರಿಸುವುದು ನಮ್ಮ ಕೆಲಸವಲ್ಲ ಎಂದು ಪಾಠ ಯೋಜನೆಯಲ್ಲೇ ಬರೆಸೋಣ. ಆದರೆ ಗಮನಿಸುವುದು ನಮ್ಮ ಕೆಲಸ. ತಲೆ ಒಂದು ಪಕ್ಕಕ್ಕೆ ವಾಲಿಸಿ ಬೋರ್ಡ್ ನೋಡುವ ಮಗುವನ್ನು ‘ನೆಟ್ಟಗೆ ಕೂರು’ ಎಂದು ಗದರುತ್ತೇವೆ. ನಾಲ್ಕನೆಯ ನರ ಸೋತಿದ್ದರೆ ಎರಡೆರಡು ಕಾಣದಿರಲು ಮಗು ಹಾಗೆ ವಾಲಿಸುವುದುಂಟು. ಕರೆದರೆ ತಿರುಗದ ಮಗುವನ್ನು ಹಟಮಾರಿ ಎನ್ನುತ್ತೇವೆ. ಪೋಷಕರಿಗೆ ತಿಳಿಸಬಹುದು, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಬಹುದು.

ನನ್ನ ಕೋರಿಕೆ ಚಿಕ್ಕದು. ನಮ್ಮ ವೀಕ್ಷಣಾ ನಮೂನೆಗೆ ಒಂದು ಸಾಲು ಸೇರಿಸೋಣ: ‘ವಿದ್ಯಾರ್ಥಿ ತನ್ನ ಬದುಕಿನಿಂದ ತಂದ ಪ್ರಶ್ನೆಗೆ ಪಾಠದಲ್ಲಿ ಜಾಗ ಸಿಕ್ಕಿತೆ?’ ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನಾಳೆ ಕೇಳಿಕೊಂಡು ಬರುತ್ತೇನೆ’ ಎಂದ ಪ್ರಶಿಕ್ಷಣಾರ್ಥಿಗೂ ಅಲ್ಲಿ ಪೂರ್ಣ ಅಂಕ ಕೊಡೋಣ. ಅಂದು ಆ ಸಾಲು ಇದ್ದಿದ್ದರೆ ಆ ಪ್ರಶಿಕ್ಷಣಾರ್ಥಿ ಗಡಿಯಾರ ನೋಡುತ್ತಿರಲಿಲ್ಲ. ನಾನೂ ಗಂಟೆ ಹೊಡೆಯುವವರೆಗೆ ಸುಮ್ಮನೆ ಕೂತಿರುತ್ತಿರಲಿಲ್ಲ.