ಎಂಜಿನ್ ಹೀಟ್ ಆದರೆ ತಣ್ಣೀರು ಸುರಿದರೆ ಸಾಕೆ? ಕೃಷ್ಣೆಯ ದೋಣಿಯಿಂದ ಹೊಲದ ಟ್ರ್ಯಾಕ್ಟರ್‌ವರೆಗೆ ನಿಜಾಂಶ ಏನು

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಆಲಮಟ್ಟಿ ತುಂಬುತ್ತದೆ, ನಾರಾಯಣಪುರದ ಬಸವಸಾಗರದ ಗೇಟುಗಳು ಮೇಲೇಳುತ್ತವೆ. ಕೃಷ್ಣೆ ಲಕ್ಷಗಟ್ಟಲೆ ಕ್ಯುಸೆಕ್ ನೀರು ಹೊತ್ತು ಇಳಿಯುವಾಗ ಸುರಪುರ ಸೀಮೆಯ ನೀಲಕಂಠರಾಯನಗಡ್ಡಿಯ ಸುತ್ತಲೂ ಬರೀ ನೀರು. ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ದಾರಿಯ ಕೊಳ್ಳೂರು ಸೇತುವೆಯೂ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆ ಇದನ್ನೆಲ್ಲ ಕಂಡಿದೆ. ಅಂಥ ಹೊತ್ತಿನಲ್ಲಿ ಜನರನ್ನು ದಡ ಸೇರಿಸುವುದು ಮೋಟಾರ್ ದೋಣಿ. ಅದರ ಎಂಜಿನ್ ನಡುನೀರಿನಲ್ಲಿ ಕಾದು ನಿಂತರೆ?

ಎಂಜಿನ್ ಕಾಯುವುದರ ಬಗ್ಗೆ ನಮ್ಮ ಫೋನುಗಳಲ್ಲಿ ಸಲಹೆಗಳಿಗೆ ಬರವಿಲ್ಲ. “ತಣ್ಣೀರು ಸುರಿಯಿರಿ”, “ಥರ್ಮೋಸ್ಟಾಟ್ ಕಿತ್ತು ಹಾಕಿ”, “ಕೂಲೆಂಟ್ ನಮಗೆ ಬೇಡ” ಎಂಬ ಮಾತುಗಳು ಗ್ರೂಪಿನಿಂದ ಗ್ರೂಪಿಗೆ ಹೋಗುತ್ತಲೇ ಇರುತ್ತವೆ. ಇವುಗಳಲ್ಲಿ ಎಷ್ಟು ನಿಜ ಎಂದು ಒಂದೊಂದಾಗಿ ನೋಡೋಣ.

ನೀರಿಗೆ ಎಂಜಿನ್‌ನಲ್ಲಿ ಏನು ಕೆಲಸ?

ಎಂಜಿನ್‌ನಲ್ಲಿ ಸುಟ್ಟ ಡೀಸೆಲ್ ಅಥವಾ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಸರಿಸುಮಾರು ಇನ್ನೊಂದು ಪಾಲು ಬಿಸಿ ಹೊಗೆಯಾಗಿ ಹೊರಗೆ ಹೋಗುತ್ತದೆ. ಉಳಿದ ಶಾಖದಲ್ಲಿ ಹೆಚ್ಚಿನದನ್ನು ನೀರು ಹೊತ್ತು ಸಾಗಿಸಬೇಕು. ಅಂದರೆ ನೀರು ಇದ್ದರೆ ಸಾಲದು, ಅದು ಹರಿಯುತ್ತಿರಬೇಕು. ಹೊತ್ತ ಶಾಖವನ್ನು ಇಳಿಸಲು ಅದಕ್ಕೊಂದು ಜಾಗವೂ ಬೇಕು.

ನಮ್ಮ ಸುತ್ತ ಇದು ಮೂರು ಬಗೆಯಲ್ಲಿ ನಡೆಯುತ್ತದೆ.

ಟ್ರ್ಯಾಕ್ಟರ್‌ನಲ್ಲಿ ಅದೇ ನೀರು ಎಂಜಿನ್ ಮತ್ತು ರೇಡಿಯೇಟರ್ ನಡುವೆ ಸುತ್ತುತ್ತದೆ. ಶಾಖವನ್ನು ಗಾಳಿಗೆ ಇಳಿಸುತ್ತದೆ.

ಭೀಮಾ ದಂಡೆಯಲ್ಲಿಟ್ಟು ಹೊಲಕ್ಕೆ ನೀರೆತ್ತುವ ಹಲವು ಡೀಸೆಲ್ ಪಂಪ್‌ಸೆಟ್‌ಗಳಲ್ಲಿ ಪಂಪಿನ ನೀರಿನಲ್ಲೇ ಸ್ವಲ್ಪ ಪಾಲು ಸಣ್ಣ ಪೈಪಿನಲ್ಲಿ ಎಂಜಿನ್ನಿಗೆ ಹೋಗಿ, ಬಿಸಿಯಾಗಿ ಹೊರಗೆ ಬೀಳುತ್ತದೆ.

ದೋಣಿಯ ಮೋಟಾರ್ ಕೂಡ ಇದೇ ಪಂಪ್‌ಸೆಟ್ಟಿನ ತಮ್ಮ. ನೀರಿನಲ್ಲಿ ಮುಳುಗಿದ ಕಾಲಿನ ರಂಧ್ರಗಳಿಂದ ನದಿಯ ನೀರನ್ನು ರಬ್ಬರ್ ಎಸಳುಗಳ ಪುಟ್ಟ ಚಕ್ರ, ಅಂದರೆ ಇಂಪೆಲ್ಲರ್, ಮೇಲಕ್ಕೆ ತಳ್ಳುತ್ತದೆ. ಆ ನೀರು ಎಂಜಿನ್ ಸುತ್ತಿ ಹೊಗೆಯ ಜೊತೆ ಹೊರಬೀಳುತ್ತದೆ. ಎಂಜಿನ್ ದೋಣಿಯೊಳಗೆ, ತಿರುಗುವ ಕಾಲು ಹಿಂಬದಿಯ ಹೊರಗೆ ಇರುವ ‘ಸ್ಟರ್ನ್‌ಡ್ರೈವ್’ ಬಗೆಯಲ್ಲಿ ನೀರಿನ ದಾರಿ ಇನ್ನೂ ಉದ್ದ. ಹಾಗಾಗಿ ಕಟ್ಟಿಕೊಳ್ಳುವ ಜಾಗಗಳೂ ಹೆಚ್ಚು.

ಹೇಳಿಕೆ 1: “ನದಿಯಲ್ಲೇ ಇರುವ ದೋಣಿಗೆ ನೀರಿನ ಕೊರತೆ ಎಲ್ಲಿಂದ ಬರಬೇಕು?”

ತಪ್ಪು. ಪ್ರವಾಹದ ನೀರು ಬರೀ ನೀರಲ್ಲ. ಅದರಲ್ಲಿ ಕೆಸರು, ಮರಳು, ಪ್ಲಾಸ್ಟಿಕ್ ಚೀಲ, ಜಲಸಸ್ಯ, ಮುಳುಗಿದ ಹೊಲದ ಕಸ ಎಲ್ಲ ಇರುತ್ತದೆ. ಒಂದು ಪ್ಲಾಸ್ಟಿಕ್ ಚೀಲ ರಂಧ್ರಕ್ಕೆ ಅಂಟಿಕೊಂಡರೆ ಸುತ್ತ ಕೃಷ್ಣೆಯೇ ತುಂಬಿ ಹರಿದರೂ ಎಂಜಿನ್ನಿಗೆ ಒಂದು ಚರಿಗೆ ನೀರೂ ಸಿಗದು. ಮರಳು ಇಂಪೆಲ್ಲರ್‌ನ ಎಸಳುಗಳನ್ನು ಸವೆಸುತ್ತದೆ.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ. ರಕ್ಷಣಾ ದೋಣಿ ವರ್ಷದಲ್ಲಿ ಹೆಚ್ಚು ಕಾಲ ಶೆಡ್ಡಿನಲ್ಲೇ ಇರುತ್ತದೆ. ಒಂದೇ ಭಂಗಿಯಲ್ಲಿ ತಿಂಗಳುಗಟ್ಟಲೆ ಮಡಿಸಿಕೊಂಡಿದ್ದ ರಬ್ಬರ್ ಎಸಳು ಬಿರುಸಾಗುತ್ತದೆ, ಬಾಗಿದಂತೆಯೇ ಉಳಿಯುತ್ತದೆ. ಬಳಸದ ಎಂಜಿನ್ ಹೊಸದಿದ್ದಂತೆ ಎಂದು ನಾವು ಅಂದುಕೊಳ್ಳುತ್ತೇವೆ. ರಬ್ಬರಿನ ವಿಷಯದಲ್ಲಿ ಇದು ಉಲ್ಟಾ. ಮಳೆಗಾಲಕ್ಕೆ ಮುಂಚೆ ಇಂಪೆಲ್ಲರ್ ಬಿಚ್ಚಿ ನೋಡದಿದ್ದರೆ, ಅದು ಕೈಕೊಡುವುದು ಪ್ರವಾಹದ ಮೊದಲ ದಿನವೇ ಆಗಬಹುದು.

“ಸ್ಟಾರ್ಟ್ ಆಗುತ್ತದೋ ನೋಡೋಣ” ಎಂದು ದಡದಲ್ಲಿ ನೀರಿಲ್ಲದೆ ಓಡಿಸುವುದಂತೂ ಬೇಡವೇ ಬೇಡ. ಈ ಇಂಪೆಲ್ಲರ್‌ಗೆ ನೀರೇ ಎಣ್ಣೆ. ಒಣಗಿ ತಿರುಗಿದರೆ ಅರ್ಧ ನಿಮಿಷದಲ್ಲೂ ರಬ್ಬರ್ ಸುಟ್ಟು ಹಾಳಾಗಬಹುದು. ಪರೀಕ್ಷಿಸಬೇಕಾದರೆ ಮೋಟಾರಿನ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ, ನಿಧಾನ ಗತಿಯಲ್ಲಿ ಓಡಿಸಬೇಕು.

ಹೇಳಿಕೆ 2: “ಕಾದ ಎಂಜಿನ್‌ಗೆ ಕೂಡಲೇ ತಣ್ಣೀರು ಸುರಿಯಿರಿ”

ಅಪಾಯಕಾರಿ. ರೇಡಿಯೇಟರ್ ಮುಚ್ಚಳವನ್ನು ಮನೆಯ ಕುಕ್ಕರ್‌ನಂತೆ ನೋಡಿ. ಒತ್ತಡ ಹಿಡಿದಿಟ್ಟಿರುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ವಾಹನಗಳಲ್ಲಿ ಸಾಮಾನ್ಯವಾದ ಸುಮಾರು 1 ಬಾರ್‌ನ ಮುಚ್ಚಳವಿದ್ದರೆ ಕುದಿಯುವ ಬಿಂದು 120 ಡಿಗ್ರಿ ಹತ್ತಿರಕ್ಕೆ ಹೋಗುತ್ತದೆ. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿಯುತ್ತದೆ, ನೀರಿನ ಒಂದು ಪಾಲು ಅಲ್ಲೇ ಆವಿಯಾಗಿ ಹಾರುತ್ತದೆ.

ಲೆಕ್ಕ ಹಾಕಿ ನೋಡಿ. 120 ಡಿಗ್ರಿಯ 10 ಲೀಟರ್ ನೀರಿನಲ್ಲಿ ಬರೀ ಮೂರನೇ ಒಂದು ಲೀಟರಿನಷ್ಟು ಆವಿಯಾದರೂ ಸಾಕು. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಆ ಮೂರನೇ ಒಂದು ಲೀಟರ್ 500 ಲೀಟರಿಗೂ ಮಿಕ್ಕ ಆವಿಯಾಗಿ, ಕುದಿನೀರನ್ನೂ ಎಳೆದುಕೊಂಡು, ಬಗ್ಗಿ ನೋಡುತ್ತಿರುವವರ ಮುಖ ಮತ್ತು ಕೈಗೆ ರಾಚುತ್ತದೆ. ಒದ್ದೆ ಬಟ್ಟೆ ಹಿಡಿದು ತೆಗೆದರೂ ಇದು ತಪ್ಪುವುದಿಲ್ಲ.

ಎಂಜಿನ್ನಿಗೂ ಇದರಿಂದ ಕೇಡು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಒಂದು ಭಾಗ ಥಟ್ಟನೆ ಕುಗ್ಗುತ್ತದೆ, ಪಕ್ಕದ ಭಾಗ ಹಿಗ್ಗಿಯೇ ಇರುತ್ತದೆ. ಹೆಡ್ ಸೊಟ್ಟಗಾಗಬಹುದು, ಬ್ಲಾಕ್ ಬಿರುಕು ಬಿಡಬಹುದು.

ಸರಿಯಾದ ಕ್ರಮ: ಲೋಡ್ ತೆಗೆದು ಗಾಡಿ ನಿಲ್ಲಿಸಿ. ಆವಿ ಬರುತ್ತಿದ್ದರೆ ಅಥವಾ ನೀರು ಸೋರಿದ್ದರೆ ಎಂಜಿನ್ ಆಫ್ ಮಾಡಿ. ಕನಿಷ್ಠ ಅರ್ಧ ಗಂಟೆ ಬಿಡಿ. ರೇಡಿಯೇಟರಿನ ಮೇಲಿನ ಪೈಪ್ ಕೈಗೆ ಸುಡದಷ್ಟು ತಣ್ಣಗಾದ ಮೇಲೆ ಮುಚ್ಚಳ ತೆಗೆದು, ನಿಧಾನವಾಗಿ ನೀರು ಸೇರಿಸಿ.

ಹೇಳಿಕೆ 3: “ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ, ಕಿತ್ತು ಹಾಕಿ”

ತಪ್ಪು ದಾರಿ. ಯಾದಗಿರಿಯ ಬಿಸಿಲು 40 ಡಿಗ್ರಿ ದಾಟುವುದು ನಿಜ. ಆದರೆ ಎಂಜಿನ್ ಚೆನ್ನಾಗಿ ಓಡಲು ಅದರ ನೀರು ಇನ್ನೂ ಬಿಸಿ ಇರಬೇಕು, ಹೆಚ್ಚಿನ ವಾಹನಗಳಲ್ಲಿ 80 ಡಿಗ್ರಿಯ ಆಸುಪಾಸು. ಅದಕ್ಕಿಂತ ತಣ್ಣಗಿದ್ದರೆ ಇಂಧನ ಪೂರ್ತಿ ಸುಡದು, ಆಯಿಲ್ ಕೆಡುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್‌ಗಳಲ್ಲಂತೂ ಥರ್ಮೋಸ್ಟಾಟ್ ಕಿತ್ತರೆ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಎಂಜಿನ್ ಇನ್ನಷ್ಟು ಕಾಯುತ್ತದೆ.

ಥರ್ಮೋಸ್ಟಾಟ್ ಕೆಟ್ಟಿದೆಯೇ ಎಂದು ತಿಳಿಯುವುದು ಸುಲಭ. ಅದನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಒಲೆಯ ಮೇಲೆ ಕಾಯಿಸಿ. ಅದರ ಮೇಲೆ ಮುದ್ರಿಸಿದ ಡಿಗ್ರಿಯ ಹತ್ತಿರ ಬಾಯಿ ತೆರೆಯಬೇಕು, ತಣಿದಾಗ ಮುಚ್ಚಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ.

ಹೇಳಿಕೆ 4: “ಕೂಲೆಂಟ್ ಚಳಿ ದೇಶದವರಿಗೆ, ನಮಗೆ ಬೋರ್ ನೀರೇ ಸಾಕು”

ಅರ್ಧ ಸತ್ಯ. ಕೂಲೆಂಟ್ ನೀರು ಹೆಪ್ಪುಗಟ್ಟದಂತೆ ತಡೆಯುತ್ತದೆ, ಅದು ನಮಗೆ ಬೇಕಿಲ್ಲ. ಆದರೆ ಅದು ಕುದಿಯುವ ಬಿಂದುವನ್ನೂ ಏರಿಸುತ್ತದೆ, ತುಕ್ಕನ್ನೂ ತಡೆಯುತ್ತದೆ. ಇವೆರಡೂ ನಮಗೆ ಬೇಕು.

ಶಹಾಪುರದ ಗೋಗಿ ಸುತ್ತಮುತ್ತ ನೆಲದಡಿಯಲ್ಲಿ ಸುಣ್ಣದಕಲ್ಲು ಇದೆ. ಅಂಥ ಕಡೆ ಬೋರ್‌ವೆಲ್ ನೀರು ಗಡುಸಾಗಿರುತ್ತದೆ. ನೀರು ಕಾಯಿಸುವ ಹಂಡೆಯಲ್ಲಿ ಬೆಳ್ಳಗೆ ಕಟ್ಟುವ ಪದರವೇ ಎಂಜಿನ್ ಒಳಗೂ ಕಟ್ಟುತ್ತದೆ. ಈ ಪದರ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖ ದಾಟಿಸುತ್ತದೆ. ಟ್ಯಾಂಕ್ ತುಂಬಾ ನೀರಿದ್ದರೂ ಎಂಜಿನ್ ಕಾಯುವುದಕ್ಕೆ ಇದೂ ಒಂದು ಕಾರಣ. ಕಂಪನಿ ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ನೀರಿನಲ್ಲಿ, ಹೇಳಿದ ಪ್ರಮಾಣದಲ್ಲೇ ಬೆರೆಸಿ.

ದೋಷ ಎಲ್ಲಿದೆ? ಲಕ್ಷಣವೇ ಹೇಳುತ್ತದೆ

• ದೋಣಿ ನಿಧಾನಕ್ಕೆ ಸರಿ, ವೇಗಕ್ಕೆ ಕಾಯುತ್ತದೆ: ನೀರಿನ ದಾರಿ ಅರ್ಧ ಕಟ್ಟಿದೆ, ಅಥವಾ ಇಂಪೆಲ್ಲರ್ ಸವೆದಿದೆ.
• ದೋಣಿ ನಿಂತಲ್ಲೇ ಕಾಯುತ್ತದೆ: ಇಂಪೆಲ್ಲರ್ ಪೂರ್ತಿ ಹೋಗಿರಬಹುದು, ಥರ್ಮೋಸ್ಟಾಟ್ ಮುಚ್ಚಿಕೊಂಡಿರಬಹುದು.
• ಮೋಟಾರಿನ ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಧಾರೆ ನಿಂತಿದೆ: ಎಂಜಿನ್ ಆಫ್ ಮಾಡಿ, ಮೊದಲು ಆ ತೂತಿಗೆ ತೆಳುವಾದ ತಂತಿ ಹಾಕಿ ನೋಡಿ. ಕಟ್ಟಿರುವುದು ಅಷ್ಟೇ ಇರಬಹುದು.
• ಹೊಸ ಇಂಪೆಲ್ಲರ್ ಹಾಕಿದರೂ ಕಾಯುತ್ತದೆ: ಹಳೆಯದರ ಮುರಿದ ಎಸಳುಗಳು ಮುಂದಿನ ಪೈಪಿನಲ್ಲಿ ಸಿಕ್ಕಿಕೊಂಡಿರುತ್ತವೆ. ಎಷ್ಟು ಎಸಳು ಮುರಿದಿವೆಯೋ ಅಷ್ಟೂ ಹುಡುಕಿ ತೆಗೆಯಬೇಕು.
• ನದಿ ದಂಡೆಯ ಪಂಪ್‌ಸೆಟ್ ಕಾಯುತ್ತದೆ: ಫುಟ್‌ವಾಲ್ವ್ ನೋಡಿ. ಪಂಪ್ ನೀರು ಬಿಟ್ಟರೆ ಎಂಜಿನ್ನಿಗೂ ನೀರಿಲ್ಲ.
• ಭತ್ತದ ಸುಗ್ಗಿಯಲ್ಲಿ ಮಾತ್ರ ಟ್ರ್ಯಾಕ್ಟರ್ ಅಥವಾ ಹಾರ್ವೆಸ್ಟರ್ ಕಾಯುತ್ತದೆ: ರೇಡಿಯೇಟರ್ ಜಾಲಿಗೆ ಹೊಟ್ಟು ಮೆತ್ತಿದೆ. ಎಂಜಿನ್ ಆಫ್ ಮಾಡಿ, ತಣಿದ ಮೇಲೆ ಜಾಲಿ ಸ್ವಚ್ಛ ಮಾಡಿ. ಫ್ಯಾನ್ ಬೆಲ್ಟ್ ಬಿಗಿಯಾಗಿದೆಯೇ ನೋಡಿ.

ಮೀಟರಿನ ಮುಳ್ಳನ್ನಷ್ಟೇ ನಂಬಬೇಡಿ. ನೀರು ಪೂರ್ತಿ ಖಾಲಿಯಾದರೆ ಸೆನ್ಸರಿಗೆ ಬಿಸಿನೀರು ತಾಗುವುದಿಲ್ಲ. ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು.

ನಡುನೀರಿನಲ್ಲಿ ಕಾದರೆ?

ಧಾರೆ ನಿಂತರೆ ಅಥವಾ ಅಲಾರಂ ಕೂಗಿದರೆ ಮೊದಲು ವೇಗ ಇಳಿಸಬೇಕು. ಸುತ್ತ ಜಾಗವಿದ್ದರೆ ಕ್ಷಣಕಾಲ ರಿವರ್ಸ್ ಕೊಟ್ಟರೆ, ರಂಧ್ರಕ್ಕೆ ಅಂಟಿದ ಚೀಲವೋ ಕಳೆಯೋ ಬಿಟ್ಟುಹೋಗಬಹುದು. ಶಾಂತ ಕೆರೆಯಲ್ಲಾದರೆ ಎಂಜಿನ್ ಆಫ್ ಮಾಡಿ ನೋಡುವುದೇ ಸರಿ. ಆದರೆ ಸೆಳೆತವಿರುವ ಪ್ರವಾಹದಲ್ಲಿ, ಜನರನ್ನು ಕೂರಿಸಿಕೊಂಡಿರುವಾಗ, ಎಂಜಿನ್ ಉಳಿಸಲು ದೋಣಿಯನ್ನು ನೀರಿನ ಕೈಗೆ ಕೊಡುವಂತಿಲ್ಲ. ಓಡುವಷ್ಟು ಹೊತ್ತು ಕಡಿಮೆ ವೇಗದಲ್ಲಿ ಹತ್ತಿರದ ದಡ ಮುಟ್ಟಬೇಕು. ಮೋಟಾರ್ ಮತ್ತೆ ತರಬಹುದು, ಜೀವ ತರಲಾಗದು. ಹುಟ್ಟು, ಹಗ್ಗ ಮತ್ತು ಎಲ್ಲರಿಗೂ ಲೈಫ್ ಜಾಕೆಟ್ ದೋಣಿಯಲ್ಲಿ ಇರಲೇಬೇಕು ಎನ್ನುವುದೂ ಇದಕ್ಕೇ.

ಇಂಥ ಗಳಿಗೆ ಬಾರದಿರಲು ಬೇಕಾದ ಕೆಲಸ ಸಣ್ಣದು. ಮೇ ತಿಂಗಳಲ್ಲೇ ಇಂಪೆಲ್ಲರ್ ನೋಡುವುದು, ಡ್ರಮ್ಮಿನಲ್ಲಿ ಓಡಿಸಿ ಧಾರೆ ಪರೀಕ್ಷಿಸುವುದು, ಕೆಸರಿನಲ್ಲಿ ಓಡಿದ ಮೇಲೆ ಶುದ್ಧ ನೀರಿನಲ್ಲಿ ತೊಳೆಯುವುದು.

ಕೊನೆಯ ಮಾತು

ಎಂಜಿನ್ ಕಾಯುವುದು ಜ್ವರದಂತೆ. ಅದು ರೋಗವಲ್ಲ, ರೋಗದ ಸುಳಿವು. ತಣ್ಣೀರು ಸುರಿಯುವುದಕ್ಕೆ ಮುಂಚೆ ನೀರಿನ ದಾರಿ ಎಲ್ಲಿ ಕಟ್ಟಿದೆ ಎಂದು ಹುಡುಕಬೇಕು. ಮುಂದಿನ ಬಾರಿ “ಮುಚ್ಚಳ ತೆಗೆದು ನೀರು ಹಾಕಿ” ಎಂಬ ವಿಡಿಯೋ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಟ್ರ್ಯಾಕ್ಟರ್ ಓಡಿಸುವ ನಿಮ್ಮ ಮನೆಯವರಿಗೆ ಇದೊಂದು ಮಾತು ಕಳಿಸಿ: ಕಾದ ರೇಡಿಯೇಟರ್ ಎಂದರೆ ಸೀಟಿ ಹೊಡೆಯುತ್ತಿರುವ ಕುಕ್ಕರ್. ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ.